ಮಧ್ಯಸ್ಥಿಕೆ ಕಾಯ್ದೆ ಬಂತು, ಶಾಂತಿ ಅಧ್ಯಯನದ ವಿದ್ಯಾರ್ಥಿಗೆ ಬಾಗಿಲು ತೆರೆಯಿತೇ?

2025ರಲ್ಲಿ ಪತ್ರಿಕೆಗಳಲ್ಲಿ ಬಂದ ಎರಡು ಸುದ್ದಿಗಳು ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದವು. ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಚಿವ ಸಂಪುಟ ಉಪಸಮಿತಿಯು ಹಾವೇರಿ ವಿಶ್ವವಿದ್ಯಾಲಯವೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಮಾಡಿತು. ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ ತಾಲ್ಲೂಕು ನ್ಯಾಯಾಲಯಗಳಿಂದ ಹೈಕೋರ್ಟ್‌ಗಳವರೆಗೆ ದೇಶದಾದ್ಯಂತ ‘ರಾಷ್ಟ್ರಕ್ಕಾಗಿ ಮಧ್ಯಸ್ಥಿಕೆ’ ಅಭಿಯಾನ ನಡೆಯಿತು. ವ್ಯಾಜ್ಯಗಳನ್ನು ಮಾತುಕತೆಯಿಂದ ಬಗೆಹರಿಸಬಲ್ಲ ನುರಿತ ಜನ ಬೇಕು ಎಂದು ಒಂದು ಸುದ್ದಿ ಹೇಳಿದರೆ, ಅಂಥ ಜನರನ್ನು ತಯಾರು ಮಾಡಬೇಕಾದ ಸಂಸ್ಥೆಗಳನ್ನು ಸಾಕಲು ಹಣವಿಲ್ಲ ಎಂದು ಇನ್ನೊಂದು ಹೇಳಿತು. ಶಾಂತಿ ಅಧ್ಯಯನ, ಗಾಂಧಿ ಅಧ್ಯಯನ, ಸಮಾಜಕಾರ್ಯ ಅಥವಾ ರಾಜ್ಯಶಾಸ್ತ್ರದ ದಾರಿಯಿಂದ ಸಂಘರ್ಷ ಪರಿಹಾರವನ್ನು ಓದುತ್ತಿರುವ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ವಿದ್ಯಾರ್ಥಿಗೆ ಈ ಎರಡೂ ಒಟ್ಟಿಗೇ ತಟ್ಟುತ್ತವೆ. 2023ರ ಹೊಸ ಮಧ್ಯಸ್ಥಿಕೆ ಕಾಯ್ದೆಯಿಂದ ತನಗೆ ಕೆಲಸದ ದಾರಿ ತೆರೆಯಿತೇ ಎಂಬ ಪ್ರಶ್ನೆಗೆ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ಅದು ಹೇಗೆಂದು ಬಿಡಿಸಿ ನೋಡಬೇಕಾಗಿದೆ.

ಗೊಂದಲದ ಮೂಲ

ಮೊದಲ ಗೊಂದಲ ಲೋಕ ಅದಾಲತ್ ಮತ್ತು ಮಧ್ಯಸ್ಥಿಕೆಯ ನಡುವಿನದು. ಲೋಕ ಅದಾಲತ್ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ನಡೆಯುತ್ತದೆ. ಅಲ್ಲಿ ರಾಜಿಯಾದ ಪ್ರಕರಣದ ಆದೇಶಕ್ಕೆ ಸಿವಿಲ್ ಡಿಕ್ರಿಯ ಬಲವಿರುತ್ತದೆ, ಮೇಲ್ಮನವಿ ಇರುವುದಿಲ್ಲ. ರಾಷ್ಟ್ರೀಯ ಲೋಕ ಅದಾಲತ್ತಿನ ದಿನ ಒಂದೇ ನ್ಯಾಯಾಲಯದಲ್ಲಿ ನೂರಾರು ಕಡತಗಳು ಸರಿಯುವುದರಿಂದ ಪ್ರತಿ ಪ್ರಕರಣಕ್ಕೆ ಸಿಗುವ ಹೊತ್ತು ಬಹಳ ಕಡಿಮೆ. ಮಧ್ಯಸ್ಥಿಕೆ ಹಾಗಲ್ಲ. ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ. ಎರಡೂ ಕಡೆಯವರನ್ನು ಒಟ್ಟಿಗೆ ಮತ್ತು ಬೇರೆ ಬೇರೆಯಾಗಿ ಕೂರಿಸಿ, ಹಲವು ಬೈಠಕ್‌ಗಳಲ್ಲಿ ಮಾತಾಡಿಸಿ, ಒಪ್ಪಂದವನ್ನು ಅವರ ಬಾಯಿಂದಲೇ ಹೊರಡಿಸುತ್ತಾರೆ. 2023ರ ಮಧ್ಯಸ್ಥಿಕೆ ಕಾಯ್ದೆ ಇದಕ್ಕೆ 120 ದಿನಗಳ ಅವಧಿ ಕೊಟ್ಟು, ಇಬ್ಬರೂ ಒಪ್ಪಿದರೆ ಇನ್ನೂ 60 ದಿನ ವಿಸ್ತರಿಸಲು ಅವಕಾಶ ನೀಡಿದೆ.

ಎರಡನೆಯ ಗೊಂದಲ ಯಾರು ಮಧ್ಯಸ್ಥಗಾರರಾಗಬಹುದು ಎಂಬುದು. ಕಾಯ್ದೆಯ 8ನೇ ಕಲಂ ಪ್ರಕಾರ ಪಕ್ಷಗಾರರು ಒಪ್ಪಿದ ಯಾರೇ ಆಗಬಹುದು, ವಕೀಲರೇ ಆಗಿರಬೇಕೆಂದಿಲ್ಲ. ಆದರೆ ನ್ಯಾಯಾಲಯಗಳಿಗೆ ಹೊಂದಿಕೊಂಡ ಮಧ್ಯಸ್ಥಿಕೆ ಕೇಂದ್ರಗಳ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಸುಪ್ರೀಂ ಕೋರ್ಟಿನ ಮಧ್ಯಸ್ಥಿಕೆ ಸಮಿತಿ ರೂಪಿಸಿದ 40 ಗಂಟೆಗಳ ತರಬೇತಿ ಬೇಕು, ಆ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವವರು ಅನುಭವಿ ವಕೀಲರು. ಭಾರತೀಯ ವಕೀಲರ ಪರಿಷತ್ತು 2020ರಲ್ಲಿ ಮಧ್ಯಸ್ಥಿಕೆಯನ್ನು ಕಾನೂನು ಪದವಿಯ ಕಡ್ಡಾಯ ಪತ್ರಿಕೆಯನ್ನಾಗಿ ಮಾಡಿತು. ಹೀಗಾಗಿ ಹುಬ್ಬಳ್ಳಿಯ ಕಾನೂನು ವಿದ್ಯಾರ್ಥಿ ಈ ವಿದ್ಯೆಯನ್ನು ಪರೀಕ್ಷೆಗಾಗಿಯಾದರೂ ಓದುತ್ತಾನೆ, ಮುಂದೆ ಕಾಯಬೇಕಾದ ಸರದಿ ಯಾವುದೆಂಬುದೂ ಅವನಿಗೆ ಗೊತ್ತಿರುತ್ತದೆ. ಎರಡು ವರ್ಷ ಸಂಘರ್ಷದ ಕಾರಣಗಳನ್ನೇ ಓದಿ ಸ್ನಾತಕೋತ್ತರ ಪದವಿ ಪಡೆದ ಕಲಾ ವಿಭಾಗದ ವಿದ್ಯಾರ್ಥಿನಿಗೆ ಸರದಿಯೇ ಇಲ್ಲ.

ಜಾರಿಗೆ ಬಂದದ್ದೆಷ್ಟು?

ಆ ಕಲಾ ವಿದ್ಯಾರ್ಥಿನಿಗೆ ನಿಜಕ್ಕೂ ಹೊಂದುವ ಭಾಗ ಕಾಯ್ದೆಯ 43 ಮತ್ತು 44ನೇ ಕಲಮುಗಳಲ್ಲಿದೆ. ಒಂದು ಪ್ರದೇಶದ ನಿವಾಸಿಗಳ ಅಥವಾ ಕುಟುಂಬಗಳ ನಡುವಿನ ಶಾಂತಿ, ಸೌಹಾರ್ದ, ನೆಮ್ಮದಿಗೆ ಧಕ್ಕೆ ತರಬಹುದಾದ ವಿವಾದಗಳನ್ನು, ಎಲ್ಲರ ಪೂರ್ವ ಒಪ್ಪಿಗೆಯ ಮೇಲೆ, ಸಮುದಾಯ ಮಧ್ಯಸ್ಥಿಕೆಗೆ ಒಪ್ಪಿಸಬಹುದು. ಅರ್ಜಿಯನ್ನು ಕಾನೂನು ಸೇವಾ ಪ್ರಾಧಿಕಾರಕ್ಕೆ, ಅಂಥ ಪ್ರಾಧಿಕಾರವಿಲ್ಲದ ಕಡೆ ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿಗೆ ಕೊಡಬೇಕು. ಅವರು ಮೂವರ ತಂಡ ನೇಮಿಸುತ್ತಾರೆ. ಅದಕ್ಕಾಗಿ ಕಾಯಂ ಪಟ್ಟಿಯೊಂದು ತಯಾರಾಗಬೇಕು. ಅದರಲ್ಲಿ ಸಮಾಜದಲ್ಲಿ ಗೌರವವುಳ್ಳವರು, ಸ್ಥಳೀಯ ನಿವಾಸಿಗಳ ಪ್ರತಿನಿಧಿಗಳು, ಮಧ್ಯಸ್ಥಿಕೆಯ ಅನುಭವವಿರುವವರು ಇರಬಹುದು, ಮಹಿಳೆಯರ ಮತ್ತು ಇತರ ವರ್ಗಗಳ ಪ್ರಾತಿನಿಧ್ಯವನ್ನೂ ಗಮನಿಸಬೇಕು. ವಕೀಲಿಕೆಯ ಷರತ್ತು ಇಲ್ಲಿಲ್ಲ.

ಕೊಕ್ಕೆ ಇರುವುದು ಜಾರಿಯಲ್ಲಿ. 2023ರ ಅಕ್ಟೋಬರ್ 9ರಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದಾಗ ಕೆಲವು ಕಲಮುಗಳಿಗಷ್ಟೇ ಜೀವ ಬಂತು. 43 ಮತ್ತು 44 ಆ ಪಟ್ಟಿಯಲ್ಲಿರಲಿಲ್ಲ. ಕಾಯ್ದೆ ಅಂಗೀಕಾರವಾದ ದಿನವೇ ಎಲ್ಲವೂ ಜಾರಿಯಾಯಿತು ಎಂದು ಓದುಗರು ತಿಳಿಯುವುದು ಸಹಜ. ಸಂಸತ್ತಿನ ಒಪ್ಪಿಗೆ, ರಾಷ್ಟ್ರಪತಿಯ ಅಂಕಿತ ಮತ್ತು ಜಾರಿಯ ಅಧಿಸೂಚನೆ ಮೂರು ಬೇರೆ ಬೇರೆ ಹಂತಗಳು. ಇನ್ನೊಂದು ಮಿತಿಯೂ ಇದೆ: ಉಳಿದ ಮಧ್ಯಸ್ಥಿಕೆಯ ಒಪ್ಪಂದವನ್ನು ಡಿಕ್ರಿಯಂತೆ ಜಾರಿ ಮಾಡಿಸಬಹುದಾದರೂ ಸಮುದಾಯ ಮಧ್ಯಸ್ಥಿಕೆಯ ಒಪ್ಪಂದಕ್ಕೆ ಆ ಬಲವಿಲ್ಲ. ಇದು ದೌರ್ಬಲ್ಯವೆಂದು ಕಾನೂನು ವಲಯದಲ್ಲಿ ಟೀಕೆಯಿದೆ. ಆದರೆ ಎರಡು ಓಣಿಗಳ ಜಗಳದಲ್ಲಿ ಅಮೀನರನ್ನು ಕಳಿಸಿ ಸೌಹಾರ್ದವನ್ನು ಜಪ್ತಿ ಮಾಡಿ ತರಲು ಬರುವುದಿಲ್ಲವಷ್ಟೆ. ಡಿಕ್ರಿಯ ಬಲವಿಲ್ಲದ ಕಡೆ ಒಪ್ಪಂದ ಬಾಳುವುದು ಅದನ್ನು ಎಷ್ಟು ಚೆನ್ನಾಗಿ ಕಟ್ಟಲಾಯಿತು ಎಂಬುದರ ಮೇಲೆ. ಅಲ್ಲಿಯೇ ತರಬೇತಿಯ ಬೆಲೆ ಹೆಚ್ಚುತ್ತದೆ.

ಒಂದು ಬದುವಿನ ಜಗಳ

ಈ ವಿದ್ಯೆ ಊರಿನಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ನವಲಗುಂದ ಅಥವಾ ರೋಣ ಸೀಮೆಯ ಎರಿ ಹೊಲದ ಬದುವಿಗಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಮಳೆಗಾಲದಲ್ಲಿ ಬದು ಕೊಚ್ಚಿಹೋಗುತ್ತದೆ, ಮುಂದಿನ ಹರಗಾಣಿಕೆಯಲ್ಲಿ ಕುಂಟೆ ಒಂದು ಮೊಳ ಆಚೆ ಸರಿಯುತ್ತದೆ. ಪಕ್ಕದ ಹೊಲದವನು ಆಕ್ಷೇಪಿಸುತ್ತಾನೆ. ಉತಾರ (ಪಹಣಿ) ತೆಗೆಸಿ ನೋಡಿದರೆ ಕ್ಷೇತ್ರ ಸರಿಯಿದೆ, ಗಡಿ ಎಲ್ಲಿದೆ ಎಂದು ಉತಾರ ಹೇಳುವುದಿಲ್ಲ. ಹದ್ದುಬಸ್ತಿಗೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾದ ಮೇಲೆ ಭೂಮಾಪಕರು ಬಂದು ಕಲ್ಲು ನೆಡಿಸುತ್ತಾರೆ. ಸೋತವನು ಅಳತೆಯನ್ನೇ ಒಪ್ಪುವುದಿಲ್ಲ. ಕೈಕೈ ಮಿಲಾಯಿಸಿದರೆ ಪೊಲೀಸ್ ಠಾಣೆ. ಠಾಣೆಯಿಂದ ವರದಿ ತಹಶೀಲ್ದಾರರ ಬಳಿಗೆ ಹೋಗಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನಡಿ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಿಕೊಳ್ಳುವ ಪ್ರಕ್ರಿಯೆ ಶುರುವಾಗುತ್ತದೆ. ನಂತರ ಸಿವಿಲ್ ದಾವೆ, ಅದರ ಮೇಲೆ ಮೇಲ್ಮನವಿ. ಈ ಯಾವ ಮೆಟ್ಟಿಲಲ್ಲೂ ಜಗಳ ಯಾತಕ್ಕೆ ಎಂದು ಯಾರೂ ಕೇಳಿರುವುದಿಲ್ಲ.

ಕೇಳಿದರೆ ಬರುವ ಉತ್ತರ ಬೇರೆಯೇ ಇರಬಹುದು. ಎಷ್ಟೋ ವರ್ಷಗಳ ಹಿಂದಿನ ವಾಟ್ನಿಯಲ್ಲಿ, ಅಂದರೆ ಆಸ್ತಿ ಪಾಲಿನಲ್ಲಿ, ತಮ್ಮನ ಪಾಲಿಗೆ ಬಂಡಿದಾರಿ ಬಿಟ್ಟಿರುವುದಿಲ್ಲ. ಆತ ಪ್ರತಿ ಸುಗ್ಗಿಯಲ್ಲಿ ಅಣ್ಣನ ಬೆಳೆ ದಾಟಿ ರಾಶಿ ಸಾಗಿಸಬೇಕು, ಪ್ರತಿ ಸಲ ಮಾತು ಕೇಳಬೇಕು. ಬದು ನೆಪ, ದಾರಿ ಕಾರಣ. ತರಬೇತಿ ಪಡೆದವರು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಇದನ್ನು ಹೊರತೆಗೆಯುತ್ತಾರೆ, ದಾರಿಗೆ ಎಷ್ಟು ಅಗಲ, ಯಾವ ಅಂಚಿನಲ್ಲಿ, ಯಾವ ತಿಂಗಳು ಎಂಬುದನ್ನು ಬರೆಸುತ್ತಾರೆ. ಊರ ಹಿರಿಯರು ಈ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ ಎಂಬುದು ನಿಜ. ಆದರೆ ಹಿರಿಯರು ಸಾಮಾನ್ಯವಾಗಿ ತೀರ್ಪು ಹೇಳುತ್ತಾರೆ, ದಂಡ ಹಾಕುತ್ತಾರೆ. ಎರಡರಲ್ಲಿ ಒಂದು ಮನೆತನದ ಜೊತೆ ಅವರಿಗೂ ಕೊಡುಕೊಳ್ಳುವಿಕೆ ಇರುತ್ತದೆ.

ಈ ಸೀಮೆಯ ಸಂಘರ್ಷಗಳು

ಬದುವಿನಿಂದ ಮೇಲೇರಿದರೆ ಈ ಮೂರು ಜಿಲ್ಲೆಗಳೇ ಒಂದು ಪಠ್ಯಕ್ರಮವಾಗುತ್ತವೆ. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರ ಮತ್ತು ನೀರಿನ ಕರದ ವಿರುದ್ಧದ ಹೋರಾಟ ಗೋಲಿಬಾರ್‌ಗೆ ತಿರುಗಿ, ರೈತರ ಜೊತೆಗೆ ಪೊಲೀಸರೂ ಜೀವ ಕಳೆದುಕೊಂಡರು. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ನಡೆದ ಪ್ರತಿಭಟನೆಯ ಮೇಲೆ ಗುಂಡು ಹಾರಿ ಇಬ್ಬರು ರೈತರು ಸತ್ತರು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಹಂಚಿಕೆ ಮಾಡಿದ 13.42 ಟಿಎಂಸಿ ಅಡಿಯಲ್ಲಿ ಕಳಸಾ-ಬಂಡೂರಿ ತಿರುವಿಗೆ ಸಿಕ್ಕದ್ದು 3.9 ಟಿಎಂಸಿ ಅಡಿ. ಆ ನೀರು ಇಂದಿಗೂ ಮಲಪ್ರಭೆಯನ್ನು ಸೇರಿಲ್ಲ.

ನಾರ್ವೆಯ ಸಮಾಜಶಾಸ್ತ್ರಜ್ಞ ಯೋಹಾನ್ ಗಾಲ್ಟುಂಗ್ 1959ರಲ್ಲಿ ಓಸ್ಲೋದಲ್ಲಿ ಶಾಂತಿ ಸಂಶೋಧನಾ ಸಂಸ್ಥೆ ಕಟ್ಟಿದವರು, 2024ರಲ್ಲಿ ತೀರಿಕೊಂಡರು. ಅವರು ಮಾಡಿದ ಮುಖ್ಯ ವಿಂಗಡಣೆ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಹೊಡೆದಾಟ ನಿಂತರೆ ಅದು ಶಾಂತಿಯ ಒಂದು ಬಗೆ ಮಾತ್ರ. ಹೊಡೆದಾಟ ಹುಟ್ಟಿಸುವ ಅನ್ಯಾಯದ ವ್ಯವಸ್ಥೆ ಸರಿಹೋದಾಗ ಬರುವುದು ಇನ್ನೊಂದು ಬಗೆ. ನರಗುಂದದಲ್ಲಿ ಗುಂಡಿನ ಸದ್ದು ಅಡಗಿದ ಮೇಲೂ ಕಾಲುವೆಯ ತುದಿಯ ರೈತನಿಗೆ ನೀರು ಬರದಿದ್ದರೆ ಮೊದಲನೆಯದು ಸಿಕ್ಕಿದೆ, ಎರಡನೆಯದು ಸಿಕ್ಕಿಲ್ಲ. ಇದನ್ನು ಓದಿದ ವಿದ್ಯಾರ್ಥಿ ರೈತ ಹೋರಾಟವನ್ನು ಬರೀ ಕಾನೂನು ಮತ್ತು ಸುವ್ಯವಸ್ಥೆಯ ಪ್ರಶ್ನೆಯಾಗಿ ನೋಡುವುದಿಲ್ಲ.

ಕೋಮು ಸಂಘರ್ಷದ ಕಡತ ಇನ್ನೂ ಬಿಸಿಯಾಗಿದೆ. ಹುಬ್ಬಳ್ಳಿಯ ಈದ್ಗಾ ಮೈದಾನದ ವಿವಾದ 1994ರ ಆಗಸ್ಟ್ 15ರ ಗೋಲಿಬಾರ್ ಕಂಡಿತು, 2010ರಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿ ನಿರ್ಣಯವಾಯಿತು, 2022ರಲ್ಲಿ ಗಣೇಶೋತ್ಸವದ ಅನುಮತಿಯ ರೂಪದಲ್ಲಿ ಮತ್ತೆ ಹೈಕೋರ್ಟಿನ ಮುಂದೆ ಬಂತು. ಅದೇ 2022ರ ಏಪ್ರಿಲ್ 16ರ ರಾತ್ರಿ ಸಾಮಾಜಿಕ ಜಾಲತಾಣದ ಒಂದು ಚಿತ್ರದಿಂದ ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ಕಲ್ಲುತೂರಾಟ ನಡೆಯಿತು. ಆ ಪ್ರಕರಣವೂ ಸೇರಿದ 43 ಪ್ರಕರಣಗಳನ್ನು ಹಿಂಪಡೆಯುವ 2024ರ ಅಕ್ಟೋಬರ್‌ನ ಸರ್ಕಾರಿ ಆದೇಶವನ್ನು ಹೈಕೋರ್ಟ್ 2025ರ ಮೇ 29ರಂದು ರದ್ದುಪಡಿಸಿತು. ಹಿಂಪಡೆಯುವುದರ ಪರ ಮತ್ತು ವಿರುದ್ಧದ ರಾಜಕೀಯ ವಾದಗಳು ಎಲ್ಲರಿಗೂ ಗೊತ್ತು. ಎರಡೂ ವಾದಗಳು ಮುಟ್ಟದ ಒಂದು ಅಂಶವಿದೆ: ಪ್ರಕರಣ ನಡೆದರೂ ಬಿದ್ದರೂ ಆ ಬಡಾವಣೆಗಳ ಜನ ಅಕ್ಕಪಕ್ಕದಲ್ಲೇ ಬದುಕಬೇಕು, ಅವರ ನಡುವೆ ಮಾತು ಮತ್ತೆ ಶುರು ಮಾಡಿಸುವ ಹೊಣೆ ಯಾವ ಇಲಾಖೆಯ ಕೆಲಸದ ಪಟ್ಟಿಯಲ್ಲೂ ಇಲ್ಲ.

ಸದ್ಯ ಆ ಜಾಗದಲ್ಲಿರುವುದು ಹಬ್ಬದ ಮುಂಚಿನ ಶಾಂತಿ ಸಭೆ. ಗಣೇಶ ಚತುರ್ಥಿ, ಈದ್ ಮಿಲಾದ್ ಹತ್ತಿರ ಬಂದಾಗ ಠಾಣೆಯ ಆವರಣದಲ್ಲಿ ಶಾಮಿಯಾನ ಹಾಕಿ, ಮಂಡಳಿಗಳ ಪದಾಧಿಕಾರಿಗಳನ್ನೂ ಸಮುದಾಯದ ಮುಖಂಡರನ್ನೂ ಕರೆದು, ಮೆರವಣಿಗೆಯ ಮಾರ್ಗ, ಡಿಜೆ, ಸಮಯ, ಹೆಸ್ಕಾಂ ತಂತಿಗಳ ಎತ್ತರ ಇವುಗಳ ಮೇಲೆ ಸೂಚನೆ ಕೊಡಲಾಗುತ್ತದೆ. ಉಪಯುಕ್ತ ಸಭೆಯೇ. ಆದರೆ ವೇದಿಕೆಯಲ್ಲಿ ಅಧಿಕಾರಿಗಳು ಮಾತಾಡುತ್ತಾರೆ, ಕುರ್ಚಿಗಳಲ್ಲಿ ಕೂತವರು ಬಹುತೇಕ ಗಂಡಸರು, ಹುರುಪಿನಲ್ಲಿ ಮೆರವಣಿಗೆಯ ಮುಂದೆ ಕುಣಿಯುವ ಹದಿನೆಂಟರ ಹುಡುಗರು ಅಲ್ಲಿರುವುದಿಲ್ಲ. ಯುವಜನರನ್ನು ಶಾಂತಿಯ ಕೆಲಸದ ಪಾಲುದಾರರನ್ನಾಗಿ ಮಾಡಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರಲ್ಲೇ 2250ನೇ ನಿರ್ಣಯದಲ್ಲಿ ಹೇಳಿದೆ.

ವಿದ್ಯಾರ್ಥಿವೇತನವೊಂದೇ ಸಾಲದು

ನೆರವು ಎಂದೊಡನೆ ಹಣದ ಮಾತು ಬರುತ್ತದೆ. ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿಯಲ್ಲಿ ತಿಂಗಳ ನೆರವು, ರೈತರ ಮಕ್ಕಳಿಗೆ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಹಂತದಲ್ಲಿ ವರ್ಷಕ್ಕೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ರೂಪಾಯಿ ನಿಗದಿಯಾಗಿದೆ. ಕಿರಿಯ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಅಧ್ಯಾಪಕರ ಅರ್ಹತೆಯ ಎನ್‌ಇಟಿ ಪರೀಕ್ಷೆಯಲ್ಲಿ ‘ಬೌದ್ಧ, ಜೈನ, ಗಾಂಧಿ ಮತ್ತು ಶಾಂತಿ ಅಧ್ಯಯನ’ ಎಂಬ ವಿಷಯವೇ ಇದೆ. ಅದರಲ್ಲಿ ಪಾಸಾದರೂ ಪಾಠ ಮಾಡುವ ಹುದ್ದೆ ರಾಜ್ಯದಲ್ಲಿ ಅಪರೂಪ. ರೋಟರಿಯ ಶಾಂತಿ ಫೆಲೋಶಿಪ್ ಪೂರ್ತಿ ಖರ್ಚು ಭರಿಸುತ್ತದೆ, ಪುಣೆಯ ಸಿಂಬಯೋಸಿಸ್‌ನಲ್ಲಿಯೂ ಅದರ ಕೇಂದ್ರ ಘೋಷಣೆಯಾಗಿದೆ. ಆದರೆ ಅದಕ್ಕೆ ಕೆಲವು ವರ್ಷಗಳ ಕೆಲಸದ ಅನುಭವ ಮತ್ತು ಒಳ್ಳೆಯ ಇಂಗ್ಲಿಷ್ ಬೇಕು. ಅನುಭವ ಬೇಕಾದರೆ ಕೆಲಸ ಬೇಕು, ಕೆಲಸ ಸಿಗಬೇಕಾದರೆ ಅನುಭವ ಬೇಕು. ಹಾವೇರಿಯ ಪದವೀಧರೆ ಸಿಕ್ಕಿಕೊಳ್ಳುವುದು ಇಲ್ಲಿಯೇ.

ಈ ಕಾರಣಕ್ಕೆ ಮೊದಲ ನೆರವು ಮೇಲ್ವಿಚಾರಣೆಯಿರುವ ಕ್ಷೇತ್ರಕಾರ್ಯವಾಗಬೇಕು. ವೈದ್ಯ ವಿದ್ಯಾರ್ಥಿಗೆ ಆಸ್ಪತ್ರೆಯಿದ್ದಂತೆ ಇವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ, ಸಾಂತ್ವನ ಕೇಂದ್ರ, ಗ್ರಾಮ ಪಂಚಾಯ್ತಿ, ನೀರು ಬಳಕೆದಾರರ ಸಂಘಗಳು ಕಲಿಕೆಯ ಜಾಗವಾಗಬೇಕು. ಮೊದಲ ಆರು ತಿಂಗಳು ನೋಡುವುದು, ಬರೆಯುವುದು. ಅನುಭವಿಗಳ ಜೊತೆ ಕೂರುವುದು ಆಮೇಲೆ. ಓಡಾಟದ ಖರ್ಚಿನ ವಿಷಯದಲ್ಲಿ ಒಂದು ಮಾತು: 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ವಿದ್ಯಾರ್ಥಿನಿಯರ ಕ್ಷೇತ್ರಕಾರ್ಯಕ್ಕೆ ಯಾವ ವಿದ್ಯಾರ್ಥಿವೇತನಕ್ಕಿಂತಲೂ ನೇರವಾದ ನೆರವು, ಹಾಗೆಂದು ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಸಭೆಗಳು ಸಂಜೆ ಹೊಲದ ಕೆಲಸ ಮುಗಿದ ಮೇಲೆ ನಡೆಯುತ್ತವೆ, ಆ ಹೊತ್ತಿಗೆ ಊರಿಂದ ವಾಪಸ್ ಬಸ್ಸು ಇರುವುದಿಲ್ಲ ಎಂಬುದು ಬೇರೆ ಮಾತು.

ನಾಲ್ಕು ಆವರಣಗಳು, ನಡುವೆ ಗೋಡೆ

ಬೇಕಾದ ಅಂಗಗಳೆಲ್ಲ ನೂರು ಕಿಲೋಮೀಟರಿನ ಆಸುಪಾಸಿನಲ್ಲೇ ಇವೆ. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಸಮಾಜಕಾರ್ಯ ವಿಭಾಗಗಳು. ಹುಬ್ಬಳ್ಳಿಯ ನವನಗರದಲ್ಲಿ 2009ರಿಂದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಅದರ ಆವರಣದಲ್ಲಿ ಸಾಬರಮತಿ ಆಶ್ರಮದ ಪ್ರತಿರೂಪ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ. ಗೊಟಗೋಡಿಗೆ ದೂರವಿಲ್ಲದ ಶಿಶುನಾಳದ ಷರೀಫರು ಗೋವಿಂದ ಭಟ್ಟರ ಶಿಷ್ಯರಾದದ್ದು, ಈ ಸೀಮೆಯ ಊರುಗಳಲ್ಲಿ ಮೊಹರಮ್ಮಿನ ಅಲಾಯಿಗೆ ಎರಡೂ ಸಮುದಾಯದವರು ನಡೆದುಕೊಳ್ಳುವುದು, ಶಿರಹಟ್ಟಿಯ ಫಕೀರೇಶ್ವರ ಮಠದ ಪರಂಪರೆ, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಕೋಮು ಸೌಹಾರ್ದಕ್ಕಾಗಿ ಮಾಡಿದ ಕೆಲಸ ಇವೆಲ್ಲ ಭಾಷಣದ ಸರಕಾಗಿವೆ, ಅಧ್ಯಯನದ ಸರಕಾಗಿಲ್ಲ. ಯಾವ ಊರಿನಲ್ಲಿ ಈ ಕೂಡುಬಾಳ್ವೆ ಗಲಭೆಯ ಹೊತ್ತಿನಲ್ಲಿ ತಡೆಗೋಡೆಯಾಯಿತು, ಯಾವ ಊರಿನಲ್ಲಿ ಆಗಲಿಲ್ಲ, ಏಕೆ ಎಂಬುದನ್ನು ಹೋಲಿಸಿ ನೋಡಿದರೆ ಮಾತ್ರ ಅದು ವಿದ್ಯೆಯಾಗುತ್ತದೆ.

ಆದರೆ ಸಮಾಜಕಾರ್ಯದ ವಿದ್ಯಾರ್ಥಿಗೆ ಕಾನೂನು ವಿಶ್ವವಿದ್ಯಾಲಯದ ಮಧ್ಯಸ್ಥಿಕೆ ಪತ್ರಿಕೆಯನ್ನು ಓದಿ ಅಂಕ ಪಡೆಯುವ ದಾರಿ ಸುಲಭವಾಗಿಲ್ಲ, ಕಾನೂನು ವಿದ್ಯಾರ್ಥಿ ಜಾನಪದದವರ ಜೊತೆ ಊರಿಗೆ ಹೋಗುವ ಏರ್ಪಾಟೂ ಇಲ್ಲ. ಹೊಸ ಕಟ್ಟಡಕ್ಕಿಂತ, ನಾಲ್ಕು ಕುಲಸಚಿವರು ಸಹಿ ಮಾಡುವ ಒಂದು ಒಡಂಬಡಿಕೆ ಇಲ್ಲಿ ಹೆಚ್ಚು ಕೆಲಸ ಮಾಡೀತು. ಹಾವೇರಿ ವಿಶ್ವವಿದ್ಯಾಲಯ ಮುಚ್ಚಿ ಹಳೆಯಂತೆ ಕೆರಿಮತ್ತಿಹಳ್ಳಿಯ ಸ್ನಾತಕೋತ್ತರ ಕೇಂದ್ರವಾಗಿ ಉಳಿದರೆ ಪದವಿ ಪತ್ರದ ಮೇಲಿನ ಹೆಸರಷ್ಟೇ ಬದಲಾದೀತು. ಕೇಂದ್ರವೇ ಬಡವಾದರೆ ಮಾತ್ರ, ಧಾರವಾಡಕ್ಕೆ ಹೋಗಿ ಹಾಸ್ಟೆಲಿನಲ್ಲಿರಲು ಆಗದ ಹುಡುಗಿಯರು ಮೊದಲು ಹೊರಬೀಳುತ್ತಾರೆ.

ಆಕ್ಷೇಪಗಳಲ್ಲಿ ಹುರುಳಿದೆ

ವಕೀಲರ ಆಕ್ಷೇಪ ಮೊದಲನೆಯದು: ಕಾನೂನು ಗೊತ್ತಿಲ್ಲದವರು ರಾಜಿ ಮಾಡಿಸಿದರೆ ದುರ್ಬಲರು ಹಕ್ಕು ಕಳೆದುಕೊಳ್ಳುತ್ತಾರೆ. ಇದನ್ನು ಸ್ವಾರ್ಥದ ಮಾತೆಂದು ತಳ್ಳಿಹಾಕುವುದು ತಪ್ಪು. ಆಸ್ತಿಯಲ್ಲಿ ತನಗೆ ಸಮಪಾಲು ಇದೆ ಎಂದು ತಿಳಿಯದ ತಂಗಿಯನ್ನು ಸೀರೆ-ಕುಪ್ಪಸಕ್ಕೆ ಒಪ್ಪಿಸಿದ ರಾಜಿ ರಾಜಿಯೇ ಅಲ್ಲ. ದಲಿತ ಸಂಘಟನೆಗಳ ಮತ್ತು ಮಹಿಳಾ ಸಂಘಟನೆಗಳ ಆತಂಕ ಇನ್ನೂ ಆಳದ್ದು. ಸಾಮಾಜಿಕ ಬಹಿಷ್ಕಾರ, ದೌರ್ಜನ್ಯ, ಅತ್ಯಾಚಾರದಂಥ ಅಪರಾಧಗಳನ್ನು ಊರ ಪಂಚಾಯ್ತಿಯಲ್ಲಿ ‘ಹೊಂದಿಸಿ’ ದೂರು ಹಿಂಪಡೆಸಿದ ಅನುಭವ ಅವರಿಗಿದೆ. ಸಮುದಾಯ ಮಧ್ಯಸ್ಥಿಕೆ ಅದಕ್ಕೇ ಸರ್ಕಾರಿ ಮೊಹರು ಹಾಕೀತೆಂಬುದು ಅವರ ಭಯ. ಕಾಯ್ದೆಯ ಮೊದಲ ಅನುಸೂಚಿ ಮಧ್ಯಸ್ಥಿಕೆಗೆ ಒಗ್ಗದ ವಿವಾದಗಳ ಪಟ್ಟಿಯನ್ನೇ ಕೊಟ್ಟು, ಅಪರಾಧಗಳ ವಿಚಾರಣೆಯನ್ನು ಹೊರಗಿಟ್ಟಿದೆ. ಶಾಂತಿ ಅಧ್ಯಯನದ ಯಾವ ಕೋರ್ಸಾದರೂ ಮೊದಲ ಸೆಮಿಸ್ಟರಿನಲ್ಲೇ ಎಲ್ಲಿ ಕೈಹಾಕಬಾರದು ಎಂಬುದನ್ನು ಕಲಿಸದಿದ್ದರೆ, ಆ ಕೋರ್ಸು ಇಲ್ಲದಿರುವುದೇ ವಾಸಿ.

ವಿಶ್ವವಿದ್ಯಾಲಯ ಜೀವಂತ ವಿವಾದಗಳಿಂದ ದೂರವಿರಬೇಕೆಂಬ ಇನ್ನೊಂದು ವಾದವೂ ಇದೆ. ಹಾಗಂದವರ ಮನಸ್ಸಿನಲ್ಲಿರುವುದು ರಾಜಕೀಯದ ಭಯ, ಅದು ಆಧಾರವಿಲ್ಲದ್ದೇನಲ್ಲ. ಆದರೆ ದೂರವಿದ್ದು ಕಲಿಯಬಹುದಾದದ್ದು ಪರೀಕ್ಷೆಗೆ ಸಾಕು, ಕೆಲಸಕ್ಕೆ ಸಾಲದು.

ಟಿಪ್ಪಣಿ ಪುಸ್ತಕಕ್ಕೆ ಯಾರು ಹೊಣೆ?

ಕಾಯ್ದೆಯು ಮಧ್ಯಸ್ಥಿಕೆಯ ಮಾತುಕತೆಗೆ ಗೋಪ್ಯತೆಯ ರಕ್ಷಣೆ ಕೊಡುತ್ತದೆ. ಅಲ್ಲಿ ಆಡಿದ ಮಾತನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ತರಲಾಗದು. ಗಲಭೆ ನಡೆದ ಓಣಿಯಲ್ಲಿ ಸಂದರ್ಶನ ಮಾಡಿದ ವಿದ್ಯಾರ್ಥಿಯ ಟಿಪ್ಪಣಿಗೆ ಅಂಥ ರಕ್ಷಣೆಯಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ದಾಖಲೆ ಹಾಜರುಪಡಿಸುವಂತೆ ತನಿಖಾಧಿಕಾರಿ ಕೇಳಬಹುದು. ಆಗ ನಂಬಿ ಮಾತಾಡಿದವರು ಸಂಕಟಕ್ಕೆ ಸಿಕ್ಕುತ್ತಾರೆ, ಮುಂದೆ ಆ ಓಣಿ ಯಾವ ಸಂಶೋಧಕರಿಗೂ ಬಾಯಿ ಬಿಡುವುದಿಲ್ಲ. ಹೆಸರು, ಮನೆ ಗುರುತು ಬರೆದುಕೊಳ್ಳಬಾರದು, ಅಪರಾಧದ ವಿವರ ಕೇಳಬಾರದು, ಟಿಪ್ಪಣಿ ಎಲ್ಲಿ ಎಷ್ಟು ದಿನ ಇಡಬೇಕು ಎಂಬ ನಿಯಮಗಳನ್ನು ವಿಭಾಗವೇ ಬರೆದು ಕೊಡಬೇಕು. ಮಾರ್ಗದರ್ಶಕರು ಸಹಿ ಹಾಕಿ ಹೊಣೆ ಹೊರಬೇಕು. ಇಪ್ಪತ್ತೆರಡರ ಹುಡುಗನನ್ನು ಪರಿಚಯ ಪತ್ರವೊಂದರ ಜೊತೆ ಕಳಿಸಿ ಕೈತೊಳೆದುಕೊಳ್ಳುವುದಲ್ಲ. ಸಾವುನೋವಿನ ಕಥೆಗಳನ್ನು ದಿನವೂ ಕೇಳುವವರ ಮನಸ್ಸಿಗೂ ಆಸರೆ ಬೇಕು. ಧಾರವಾಡದಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ತಿಂಗಳಿಗೊಮ್ಮೆ ಅಲ್ಲಿನ ಆಪ್ತಸಮಾಲೋಚಕರ ಜೊತೆ ಕೂರುವ ಏರ್ಪಾಟಿಗೆ ದೊಡ್ಡ ಅನುದಾನ ಬೇಕಿಲ್ಲ.

ಮುಂದೆ ನೋಡಬೇಕಾದದ್ದು

43 ಮತ್ತು 44ನೇ ಕಲಮುಗಳು ಜಾರಿಯಾದ ಮೇಲೆ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರ ಮಧ್ಯಸ್ಥಗಾರರ ಪಟ್ಟಿಗೆ ಹೆಸರು ಕೇಳುತ್ತದೆ. ಆಗ ಅದರ ಮುಂದೆ ಸಿದ್ಧವಿರುವುದು ಶಾಂತಿ ಸಭೆಯ ಹಳೆಯ ಹಾಜರಿ ಪುಸ್ತಕ, ಅದೇ ಮುಖಂಡರ ಅದೇ ಹೆಸರುಗಳು. ವಿಶ್ವವಿದ್ಯಾಲಯಗಳು ಅಷ್ಟರೊಳಗೆ 40 ಗಂಟೆಗಳ ತರಬೇತಿಯನ್ನು ಕಲಾ ವಿಭಾಗಕ್ಕೂ ತೆರೆದು, ಕ್ಷೇತ್ರಕಾರ್ಯದ ದಾಖಲೆಯಿರುವ ಹಳೆಯ ವಿದ್ಯಾರ್ಥಿಗಳ, ಅದರಲ್ಲೂ ಮಹಿಳೆಯರ, ತಾಲ್ಲೂಕುವಾರು ಪಟ್ಟಿಯನ್ನು ಮೂರೂ ಜಿಲ್ಲೆಗಳ ಕಾನೂನು ಸೇವಾ ಪ್ರಾಧಿಕಾರಗಳಿಗೆ ಕೊಟ್ಟಿದ್ದರೆ ಮೂವರ ತಂಡದಲ್ಲಿ ಒಬ್ಬರಾದರೂ ಓದಿ ಬಂದವರು ಇರುತ್ತಾರೆ. ಇಂಥ ಪಟ್ಟಿ ಮಾಡಲು ಅಧಿಸೂಚನೆಗಾಗಿ ಕಾಯಬೇಕಿಲ್ಲ, ಸಂಪುಟದ ಒಪ್ಪಿಗೆಯೂ ಬೇಕಿಲ್ಲ. ವಿಭಾಗದ ಮುಖ್ಯಸ್ಥರು ತಮ್ಮ ಕಚೇರಿಯಲ್ಲಿ ಕೂತು ಈ ಸೆಮಿಸ್ಟರಿನಲ್ಲೇ ಶುರು ಮಾಡಬಹುದು.